ಕೊನೆಯ ಓವರಿಗೆ ಜಾತಕ ಬರೆಯುವವರು

ಡಿಸೆಂಬರ್ 16ಕ್ಕೆ ಅಬುಧಾಬಿಯಲ್ಲಿ ಐಪಿಎಲ್ ಮಿನಿ ಹರಾಜು ಮುಗೀತು. ಮರುದಿನದಿಂದಲೇ ಭವಿಷ್ಯ ಹೇಳುವವರ ಸುಗ್ಗಿ ಶುರುವಾಯ್ತು. ಶ್ರೀಲಂಕಾದ ಮತೀಶ ಪತಿರಾನಾನನ್ನು ಕೋಲ್ಕತ್ತಾ 18 ಕೋಟಿ ಕೊಟ್ಟು ಕೊಂಡಿದೆಯಂತೆ, ಹಾಗಾದರೆ 2026ರಲ್ಲಿ ಆತ ಎಷ್ಟು ವಿಕೆಟ್ ತೆಗೀತಾನೆ? ಟಿವಿಯವರ ಹತ್ತಿರ ಒಂದು ನಂಬರ್ ಇದೆ, ಯೂಟ್ಯೂಬಿನವರ ಹತ್ತಿರ ಇನ್ನೊಂದು. ನಮ್ಮ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಯಾವುದೇ ಚಹಾದ ಅಂಗಡಿ ಮುಂದೆ ನಿಂತರೂ ಮೂರನೆಯದೊಂದು ಸಿಗುತ್ತದೆ. "ಈ ಸಲ ಪರ್ಪಲ್ ಕ್ಯಾಪ್ ಅವಂದs ನೋಡ್ರಿ, ಬೇಕಾದ್ರ ಬರದ ಇಟ್ಕೋರಿ."

ಬರೆದಿಟ್ಟುಕೊಳ್ಳೋಣ. ಆದರೆ ಬರೆದಿಟ್ಟುಕೊಂಡದ್ದನ್ನು ಸೀಸನ್ ಮುಗಿದ ಮೇಲೆ ಯಾರೂ ತೆಗೆದು ಓದುವುದಿಲ್ಲ. ಈ ಧಂದೆ ನಡೆದಿರುವುದೇ ಅದರ ಮೇಲೆ.

ನನ್ನ ತಕರಾರು ಕ್ರಿಕೆಟ್ ಹರಟೆಯ ಮೇಲಲ್ಲ. ಹರಟೆ ಇರಬೇಕು, ಇಲ್ಲದಿದ್ದರೆ ಚಹಾ ರುಚಿಸುವುದಿಲ್ಲ. ತಕರಾರು ಇರುವುದು ಖಾತ್ರಿಯ ಮೇಲೆ. ಕ್ರಿಕೆಟ್ಟಿನಲ್ಲಿ ಬೇರೆ ಯಾರ ಬಗ್ಗೆ ಭವಿಷ್ಯ ಹೇಳಿದರೂ ಸ್ವಲ್ಪವಾದರೂ ಅರ್ಥವಿದ್ದೀತು. ಕೊನೆಯ ಓವರುಗಳನ್ನು ಎಸೆಯುವ ಬೌಲರನ ಮುಂದಿನ ಸೀಸನ್ನನ್ನು ಒಂದು ನಂಬರಿನಲ್ಲಿ ಹೇಳುತ್ತೇನೆ ಅನ್ನುವವ ಮಾತ್ರ ಒಂದೋ ಲೆಕ್ಕ ಗೊತ್ತಿಲ್ಲದವ, ಇಲ್ಲವೇ ಲೆಕ್ಕ ಗೊತ್ತಿದ್ದೂ ನಿಮಗೆ ಟೋಪಿ ಹಾಕುವವ.

ಯಾಕೆ ಅಂತ ನೋಡೋಣ. ಲೆಕ್ಕ ಬಹಳ ಸಣ್ಣದು.

ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ಡೆತ್ ಬೌಲರ್ ಅಂತ ನಾವು ಕರೆಯುವವ ಕೊನೆಯ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ಓವರ್ ಹಾಕುತ್ತಾನೆ. ಒಂದೂ ಪಂದ್ಯ ತಪ್ಪಿಸದೆ ಆಡಿದರೂ ಆಗುವುದು 28 ಓವರ್, ಅಂದರೆ 168 ಎಸೆತ. ರಣಜಿ ಪಂದ್ಯದಲ್ಲಿ ಒಬ್ಬ ವೇಗಿ ಎರಡೂ ಇನಿಂಗ್ಸ್ ಸೇರಿ 35-40 ಓವರ್ ಎಸೆದರೆ ಅದು 210ರಿಂದ 240 ಎಸೆತ. ಅಂದರೆ ಡೆತ್ ಬೌಲರನ ಇಡೀ ಸೀಸನ್ನು ಒಂದು ರಣಜಿ ಪಂದ್ಯದ ಬೆವರಿಗೂ ಸಮನಲ್ಲ. ರಾಜನಗರದ ಕೆಎಸ್‌ಸಿಎ ಮೈದಾನದಲ್ಲಿ ಒಂದೇ ಒಂದು ಪಂದ್ಯ ನೋಡಿ "ಈ ಹುಡುಗ ಮುಂದಿನ ವರ್ಷ 40 ವಿಕೆಟ್ ತೆಗೀತಾನ" ಅಂದರೆ ನಾವು ನಗುತ್ತೇವೆ. ಐಪಿಎಲ್‌ನ 168 ಎಸೆತ ನೋಡಿ ಅದನ್ನೇ ಹೇಳಿದರೆ ಅವನನ್ನು ಎಕ್ಸ್‌ಪರ್ಟ್ ಅನ್ನುತ್ತೇವೆ.

ಇನ್ನೂ ಸರಳ ಮಾಡೋಣ. ಒಂದು ಡಬ್ಬಿಯಲ್ಲಿ 12 ಚೀಟಿ ಹಾಕಿ. ಒಂದರ ಮೇಲೆ "ವಿಕೆಟ್" ಅಂತ ಬರೆದಿದೆ, ಉಳಿದ 11 ಖಾಲಿ. ಕಣ್ಣು ಮುಚ್ಚಿ ಒಂದು ಚೀಟಿ ತೆಗೀರಿ, ನೋಡಿ, ವಾಪಸ್ ಹಾಕಿ ಕಲಕಿ. ಹೀಗೆ 168 ಸಲ. ಸರಾಸರಿ ಬರಬೇಕಾದದ್ದು 14 ವಿಕೆಟ್. ಆದರೆ ಈ ಆಟವನ್ನು ಹತ್ತು ಸಲ ಆಡಿದರೆ ಎಂಟು ಸಲ ಹೆಚ್ಚುಕಮ್ಮಿ 10ರಿಂದ 18ರ ನಡುವೆ ಎಲ್ಲಾದರೂ ನಿಲ್ಲುತ್ತದೆ, ಉಳಿದ ಎರಡು ಸಲ ಅದರಾಚೆಗೆ ಹೋಗುತ್ತದೆ. ಡಬ್ಬಿ ಅದೇ, ಚೀಟಿ ಅವೇ, ಕೈಯೂ ಅದೇ. ಒಂದು ವರ್ಷ 10 ಬಂದರೆ "ಮುಗದ್ನೋ ಅಂವ", ಮರುವರ್ಷ 18 ಬಂದರೆ "ಭಾರೀ ಸುಧಾರಿಸ್ಯಾನ" ಅನ್ನುತ್ತೇವೆ. ಡಬ್ಬಿಯೊಳಗೆ ಯಾರೂ ಸುಧಾರಿಸಿಲ್ಲ, ಯಾರೂ ಮುಗಿದಿಲ್ಲ.

ನಿಜವಾದ ಬೌಲರ್ ಡಬ್ಬಿಯಲ್ಲ, ಒಪ್ಪುತ್ತೇನೆ. ಅವನು ಕಲಿಯುತ್ತಾನೆ, ದಣಿಯುತ್ತಾನೆ, ಬ್ಯಾಟರುಗಳು ಅವನ ನಿಧಾನದ ಎಸೆತವನ್ನು ಓದಿಕೊಂಡು ಬರುತ್ತಾರೆ. ಅಂದರೆ ಅವನ ಲೆಕ್ಕ ಡಬ್ಬಿಗಿಂತ ಇನ್ನೂ ಹೆಚ್ಚು ಅಲುಗಾಡುತ್ತದೆಯೇ ಹೊರತು ಕಡಿಮೆ ಅಲ್ಲ.

ನಮ್ಮ ಆರ್‌ಸಿಬಿಯ ಕಥೆಯೇ ಸಾಕು. 2021ರಲ್ಲಿ ಹರ್ಷಲ್ ಪಟೇಲ್ 15 ಪಂದ್ಯಗಳಲ್ಲಿ 32 ವಿಕೆಟ್ ತೆಗೆದ. 2013ರಲ್ಲಿ ಬ್ರಾವೋ ಮಾಡಿದ ದಾಖಲೆಗೆ ಸಮ. ಮುಂದಿನ ಹರಾಜಿನಲ್ಲಿ ಆರ್‌ಸಿಬಿ 10.75 ಕೋಟಿ ಕೊಟ್ಟು ವಾಪಸ್ ಕೊಂಡಿತು. 2022ರಲ್ಲಿ 19 ವಿಕೆಟ್. "ನೋಡ್ರಿ, ಇಳದ" ಅಂದರು. ಆದರೆ ಅವರು ನೋಡದೇ ಬಿಟ್ಟದ್ದು ಇನ್ನೊಂದು ಅಂಕಿ. ಓವರಿಗೆ ಕೊಟ್ಟ ರನ್ 2021ರಲ್ಲಿ 8.14 ಇದ್ದದ್ದು 2022ರಲ್ಲಿ 7.66ಕ್ಕೆ ಇಳಿದಿತ್ತು. ವಿಕೆಟ್ ಲೆಕ್ಕದಲ್ಲಿ ಕೆಟ್ಟ ಸೀಸನ್, ರನ್ ಲೆಕ್ಕದಲ್ಲಿ ಒಳ್ಳೆಯ ಸೀಸನ್. 2023ರಲ್ಲಿ 13 ಪಂದ್ಯ, 14 ವಿಕೆಟ್. ಆರ್‌ಸಿಬಿ ಕೈಬಿಟ್ಟಿತು. ಪಂಜಾಬ್ 11.75 ಕೋಟಿ ಕೊಟ್ಟಿತು. 2024ರಲ್ಲಿ ಅದೇ ಮುಗಿದುಹೋದ ಮನುಷ್ಯ 24 ವಿಕೆಟ್ ತೆಗೆದು ಎರಡನೇ ಸಲ ಪರ್ಪಲ್ ಕ್ಯಾಪ್ ಹಾಕಿಕೊಂಡ. ಆ ಸೀಸನ್ನಿನಲ್ಲಿ ಓವರಿಗೆ ಕೊಟ್ಟದ್ದು 9.73 ರನ್! ಈಗ ಹೇಳಿ, ನಾಲ್ಕು ವರ್ಷಗಳಲ್ಲಿ ಯಾವ ಹರ್ಷಲ್ ಒಳ್ಳೆಯವ, ಯಾವ ಹರ್ಷಲ್ ಕೆಟ್ಟವ? ಚಹಾದ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ, ವಿಷಯ ಬದಲಾಗುತ್ತದೆ.

ಇನ್ನು ಜಯದೇವ್ ಉನಾದ್ಕತ್. 2017ರಲ್ಲಿ ಪುಣೆಗೆ 12 ಪಂದ್ಯಗಳಲ್ಲಿ 24 ವಿಕೆಟ್. ಹೈದರಾಬಾದ್ ವಿರುದ್ಧ ಇಪ್ಪತ್ತನೇ ಓವರಿನಲ್ಲಿ ಹ್ಯಾಟ್ರಿಕ್, ಅದೂ ಮೇಡನ್. ಇಂಥವನನ್ನು ಯಾರು ಬಿಟ್ಟಾರು? 2018ರಲ್ಲಿ ರಾಜಸ್ಥಾನ 11.5 ಕೋಟಿ ಕೊಟ್ಟಿತು. ಆ ಹರಾಜಿನಲ್ಲಿ ಅಷ್ಟು ಬೆಲೆ ಬಂದ ಭಾರತೀಯ ಬೇರೆ ಇರಲಿಲ್ಲ. ಆ ವರ್ಷ 15 ಪಂದ್ಯ, 11 ವಿಕೆಟ್. ಸರಿ, ತಪ್ಪು ಅಂತ ತಿಳಿದು ಬಿಟ್ಟರು. ಬಿಟ್ಟು ಅದೇ ರಾಜಸ್ಥಾನ ಅವನನ್ನೇ 8.4 ಕೋಟಿಗೆ ಮತ್ತೆ ಕೊಂಡಿತು! ಕಂಪ್ಯೂಟರ್, ವಿಡಿಯೋ, ವಿಶ್ಲೇಷಕರು ಎಲ್ಲ ಇದ್ದವರ ಕಥೆ ಇದು. ನಮ್ಮ ಮೊಬೈಲಿನಲ್ಲಿ ಬರುವ ಟಿಪ್ಸ್‌ಗೆ ಇನ್ನೇನು ಬೆಲೆ ಇದ್ದೀತು?

ಸೀಸನ್ ದೊಡ್ಡದಾಯ್ತು ಅಂದರೆ ಒಂದು ಸಂಜೆಯನ್ನೇ ತಗೊಳ್ಳಿ. 2019ರ ನವೆಂಬರ್ 29, ಸೂರತ್, ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಸೆಮಿಫೈನಲ್, ಕರ್ನಾಟಕ-ಹರಿಯಾಣ. ನಮ್ಮ ಅಭಿಮನ್ಯು ಮಿಥುನ್ ಮೊದಲ ಮೂರು ಓವರಿನಲ್ಲಿ 37 ರನ್ ಕೊಟ್ಟಿದ್ದ, ವಿಕೆಟ್ ಸೊನ್ನೆ. ಕೊನೆಯ ಓವರ್ ಅವನ ಕೈಗೇ ಬಂತು. ಮೊದಲ ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್, ಆಮೇಲೆ ಒಂದು ವೈಡ್, ಒಂದು ಸಿಂಗಲ್, ಕೊನೆಯ ಎಸೆತಕ್ಕೆ ಐದನೇ ವಿಕೆಟ್. ಮೂರು ಓವರ್ ನೋಡಿ ಎದ್ದು ಹೋದವನ ಪ್ರಕಾರ ಮಿಥುನ್ ಮನೆಗೆ ಹೋಗಬೇಕಾದವ. ಒಂದೇ ಓವರ್ ನೋಡಲು ಬಂದವನ ಪ್ರಕಾರ ದೇವಮಾನವ. ಇಬ್ಬರೂ ನೋಡಿದ್ದು ಅದೇ ಸಂಜೆಯ ಅದೇ ಮನುಷ್ಯನನ್ನು.

ಯಶ್ ದಯಾಳ್ ನೆನಪಿದೆಯಲ್ಲ? 2023ರ ಏಪ್ರಿಲ್ 9ಕ್ಕೆ ಅಹಮದಾಬಾದಿನಲ್ಲಿ ಕೊನೆಯ ಓವರಿಗೆ 29 ಬೇಕಿತ್ತು, ರಿಂಕು ಸಿಂಗ್ ಸಾಲಾಗಿ ಐದು ಸಿಕ್ಸರ್ ಹೊಡೆದ. ಆ ರಾತ್ರಿ ಇಡೀ ದೇಶ ಆ ಹುಡುಗನ ಕ್ರಿಕೆಟ್ಟಿಗೆ ತಿಥಿ ಮಾಡಿತು. ಮುಂದಿನ ಹರಾಜಿನಲ್ಲಿ ಆರ್‌ಸಿಬಿ 5 ಕೋಟಿ ಕೊಟ್ಟಾಗ ನಕ್ಕವರೆಷ್ಟು ಮಂದಿ! 2024ರ ಮೇ 18, ಚಿನ್ನಸ್ವಾಮಿ. ಪ್ಲೇಆಫ್‌ಗೆ ಹೋಗಲು ಚೆನ್ನೈಗೆ ಕೊನೆಯ ಓವರಿನಲ್ಲಿ 17 ಬೇಕು. ಮೊದಲ ಎಸೆತವನ್ನೇ ಧೋನಿ ಸಿಕ್ಸರ್ ಎತ್ತಿದ. ಮುಂದಿನದಕ್ಕೆ ಧೋನಿ ಔಟ್. ಓವರಿನಲ್ಲಿ ಬಂದದ್ದು ಒಟ್ಟು 7. ಒಬ್ಬನೇ ಬೌಲರ್, ಎರಡು ಓವರ್. ಜಾತಕವನ್ನು ಯಾವ ಓವರ್ ನೋಡಿ ಬರೆಯುತ್ತೀರಿ?

ಇದು ನಮ್ಮ ಕ್ರಿಕೆಟ್ಟಿನ ಕಾಯಿಲೆ ಮಾತ್ರವೂ ಅಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಅನ್ನುತ್ತಾರೆ. ಆಟ ಶುರು ಮಾಡುವವ ಒಬ್ಬ. ಅವನು ದಣಿದ ಮೇಲೆ, ಆಟದ ಕೊನೆಯ ಹೊತ್ತಿಗೆ ಬರುವವ ರಿಲೀಫ್ ಪಿಚರ್. ನಮ್ಮ ಡೆತ್ ಬೌಲರನ ದಾಯಾದಿ ಅಂತಿಟ್ಟುಕೊಳ್ಳಿ. ಅಲ್ಲಿ ಸೀಸನ್ನಿಗೆ ಒಂದು ತಂಡ 162 ಪಂದ್ಯ ಆಡುತ್ತದೆ. ಆದರೂ ರಿಲೀಫ್ ಪಿಚರ್‌ಗೆ ಸಿಗುವುದು 60-70 ಇನಿಂಗ್ಸ್ ಅಷ್ಟೇ. ಎಡ್ವಿನ್ ಡಿಯಾಜ್ ಅನ್ನುವವ 2018ರಲ್ಲಿ ಸಿಯಾಟಲ್ ತಂಡಕ್ಕೆ 57 ಪಂದ್ಯಗಳ ಗೆಲುವು ಕಾಪಾಡಿಕೊಟ್ಟ. ಒಂಬತ್ತು ಇನಿಂಗ್ಸಿಗೆ ಸರಾಸರಿ 1.96 ರನ್ ಮಾತ್ರ ಕೊಟ್ಟಿದ್ದ. ನ್ಯೂಯಾರ್ಕಿನ ಮೆಟ್ಸ್ ತಂಡದವರು ಅವನನ್ನು ತಂದುಕೊಂಡರು. 2019ರಲ್ಲಿ ಅದೇ ಸರಾಸರಿ 5.59! ಮಂದಿ ಬೈದರು. 2022ಕ್ಕೆ ಅದು 1.31ಕ್ಕೆ ಬಂತು. ಐದು ವರ್ಷಕ್ಕೆ 10.2 ಕೋಟಿ ಡಾಲರಿನ ಕರಾರು ಬರೆದರು. 2023ರ ಮಾರ್ಚಿನಲ್ಲಿ ಒಂದು ಪಂದ್ಯ ಗೆದ್ದ ಖುಷಿಗೆ ಗೆಳೆಯರ ಜೊತೆ ಕುಣಿಯುವಾಗ ಮೊಣಕಾಲಿಗೆ ಗಾಯ ಮಾಡಿಕೊಂಡು ಇಡೀ ಸೀಸನ್ ಮನೆಯಲ್ಲಿ ಕೂತ. ಯಾವ ಪಂಚಾಂಗದಲ್ಲಿ ಇದು ಬರೆದಿತ್ತು?

ಆದರೆ ಅಲ್ಲಿನ ಲೆಕ್ಕದ ಮಂದಿಯಿಂದ ನಾವು ಕಲಿಯುವಂಥದ್ದೊಂದಿದೆ. ಟಾಮ್ ಟ್ಯಾಂಗೋ ಅನ್ನುವ ಲೆಕ್ಕಿಗ ಭವಿಷ್ಯ ಹೇಳುವ ಒಂದು ಸೂತ್ರ ಮಾಡಿ ಅದಕ್ಕೆ ಮಾರ್ಸೆಲ್ ಅಂತ ಒಂದು ಮಂಗನ ಹೆಸರಿಟ್ಟ. ಮಂಗನಿಗೂ ಮಾಡಲಿಕ್ಕೆ ಬರಬೇಕಾದಷ್ಟು ಸರಳ ಲೆಕ್ಕ, ಇದಕ್ಕಿಂತ ಕೆಟ್ಟದಾಗಿ ಹೇಳುವವನಿಗೆ ಬೆಲೆ ಕೊಡಬೇಡಿ ಅಂತ ಅದರ ಅರ್ಥ. ಸೂತ್ರ ಇಷ್ಟೇ: ಕಳೆದ ಮೂರು ವರ್ಷಗಳನ್ನು ತಗೋ. ತೀರಾ ಇತ್ತೀಚಿನದಕ್ಕೆ ಮೂರು ಪಾಲು, ಅದರ ಹಿಂದಿನದಕ್ಕೆ ಎರಡು, ಅದಕ್ಕೂ ಹಿಂದಿನದಕ್ಕೆ ಒಂದು ಪಾಲು ತೂಕ ಕೊಡು. ಬಂದದ್ದನ್ನು ಎಲ್ಲರ ಸರಾಸರಿಯ ಕಡೆಗೆ ಸ್ವಲ್ಪ ಎಳೆ. ವಯಸ್ಸು ನೋಡಿ ಚೂರು ತಿದ್ದು. ಮುಗೀತು.

ನಮ್ಮ ಮಂಗ್ಯಾ ಹರ್ಷಲ್ ಬಗ್ಗೆ ಏನು ಹೇಳುತ್ತಿದ್ದ ನೋಡೋಣ. 2023 ಮುಗಿದಾಗ 14, 19, 32 ವಿಕೆಟ್‌ಗಳಿಗೆ 3-2-1 ತೂಕ ಕೊಟ್ಟು, ಪಂದ್ಯಗಳಿಗೂ ಹಾಗೇ ಕೊಟ್ಟರೆ, ಪಂದ್ಯಕ್ಕೆ 1.33 ವಿಕೆಟ್. 14 ಪಂದ್ಯಕ್ಕೆ 18-19. ಮಂದಿ "ಮುಗದ" ಅಂದಿದ್ದರು, ಮಂಗ್ಯಾ 18-19 ಅಂದ, ಬಂದದ್ದು 24. ಮರುವರ್ಷ ಮಂದಿ ಪರ್ಪಲ್ ಕ್ಯಾಪ್ ನೋಡಿ ಮತ್ತೆ 24ರ ಕನಸು ಕಂಡರು. ಮಂಗ್ಯಾನ ಲೆಕ್ಕಕ್ಕೆ 13 ಪಂದ್ಯಕ್ಕೆ 18-19, ಸರಾಸರಿಯ ಕಡೆ ಎಳೆದರೆ ಇನ್ನೂ ಕಡಿಮೆ. 2025ರಲ್ಲಿ ಹೈದರಾಬಾದಿಗೆ 13 ಪಂದ್ಯ ಆಡಿ ಹರ್ಷಲ್ ತೆಗೆದದ್ದು 16. ಎರಡೂ ಸಲ ಮಂಗ್ಯಾ ಸರಿಯಾಗಿ ಹೇಳಲಿಲ್ಲ. ಆದರೆ ಎರಡೂ ಸಲ ಮಂದಿಗಿಂತ ಸಮೀಪ ಬಂದ. ಯಾಕಂದರೆ ಅವನಿಗೆ ಹೋದ ವರ್ಷದ ಕಪ್ಪೂ ಕಣ್ಣಿಗೆ ಹೊಡೆಯುವುದಿಲ್ಲ, ಹೋದ ವರ್ಷದ ಸಿಕ್ಸರೂ ನೆನಪಿರುವುದಿಲ್ಲ.

ಇನ್ನು 18 ಕೋಟಿಯ ಪತಿರಾನಾ. 2023ರಲ್ಲಿ 12 ಪಂದ್ಯಕ್ಕೆ 19 ವಿಕೆಟ್, 2024ರಲ್ಲಿ ಆರೇ ಪಂದ್ಯಕ್ಕೆ 13, 2025ರಲ್ಲಿ 12 ಪಂದ್ಯಕ್ಕೆ 13. ಅದೇ ತೂಕ ಹಾಕಿದರೆ ಪಂದ್ಯಕ್ಕೆ 1.4. ಎಲ್ಲ 14 ಪಂದ್ಯ ಆಡಿದರೆ 19-20, ಸರಾಸರಿಯ ಕಡೆ ಎಳೆದರೆ 17ರ ಆಸುಪಾಸು. ಮೈ ಕೈಕೊಟ್ಟರೆ ಅದರ ಅರ್ಧ. ಪ್ರಾಮಾಣಿಕವಾಗಿ ಹೇಳಬೇಕಾದ ಭವಿಷ್ಯ ಇದು: "ಆಡಿದರೆ ಬಹುಶಃ 12ರಿಂದ 22ರ ನಡುವೆ, ಆಡುವುದೇ ಖಾತ್ರಿ ಇಲ್ಲ." ಇಂಥ ಮಾತಿಗೆ ಟಿವಿಯಲ್ಲಿ ಜಾಗವಿಲ್ಲ. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಆದ್ದರಿಂದಲೇ ಇದನ್ನು ಯಾರೂ ಹೇಳುವುದಿಲ್ಲ.

"ಹಂಗಾರ ಬುಮ್ರಾ?" ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಕೌಶಲ್ಯ ಅನ್ನುವುದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಾಲಿಂಗ ಇದ್ದ, ಬುಮ್ರಾ ಇದ್ದಾನೆ. 2024ರಲ್ಲಿ ಎಲ್ಲರೂ ಹತ್ತರ ಆಸುಪಾಸು ಚಚ್ಚಿಸಿಕೊಳ್ಳುವಾಗ ಬುಮ್ರಾ ಓವರಿಗೆ 6.48 ಕೊಟ್ಟು 20 ವಿಕೆಟ್ ತೆಗೆದ. ಅವನ ಡಬ್ಬಿಯಲ್ಲಿ ಚೀಟಿಗಳೇ ಬೇರೆ. ಆದರೆ ಅಂಥವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಮತ್ತು ಆ ಬುಮ್ರಾ 2023ರಲ್ಲಿ ಬೆನ್ನು ನೋವಿನಿಂದ ಒಂದು ಎಸೆತವನ್ನೂ ಎಸೆಯಲಿಲ್ಲ. ಇಂಥವನ ಬಗ್ಗೆಯೂ ಖಾತ್ರಿ ಹೇಳಲಾಗದಿದ್ದರೆ, ಒಂದೇ ಸೀಸನ್ ಹೊಳೆದವನ ಬಗ್ಗೆ ಏನು ಹೇಳುತ್ತೀರಿ?

ನಮ್ಮ ಭಾಗಕ್ಕೆ ಭವಿಷ್ಯ ಹೊಸದಲ್ಲ. ಯುಗಾದಿ ಬಂತೆಂದರೆ ಹನುಮನಕೊಪ್ಪದಲ್ಲಿ ಬೊಂಬೆ ಭವಿಷ್ಯ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ, ರೈತ ಒಂದು ಅರ್ಥ ಹೇಳುತ್ತಾನೆ, ರಾಜಕಾರಣಿ ಇನ್ನೊಂದು. ಆದರೆ ಆ ರೈತನನ್ನು ಗಮನಿಸಿ. ಕಾರಣಿಕ ಕೇಳಿ ಕೈ ಮುಗಿದು ಬಂದವ ಹೊಲಕ್ಕೆ ಹೋಗಿ ಏನು ಮಾಡುತ್ತಾನೆ? ಎರಿ ಹೊಲದಲ್ಲಿ ಬಿಳಿಜೋಳ ಬಿತ್ತಿ ನಡುವೆ ಕುಸುಬಿಯ ಅಕ್ಕಡಿ ಸಾಲು ಬಿಡುತ್ತಾನೆ. ಒಂದು ಕೈಕೊಟ್ಟರೆ ಇನ್ನೊಂದಾದರೂ ಇರಲಿ ಅಂತ. ಭವಿಷ್ಯವನ್ನು ಭಕ್ತಿಯಿಂದ ಕೇಳುತ್ತಾನೆ, ಬಿತ್ತನೆಯನ್ನು ಬುದ್ಧಿಯಿಂದ ಮಾಡುತ್ತಾನೆ. ಹರಾಜಿನಲ್ಲಿ ಕೂತ ಕೋಟ್ಯಧೀಶರಿಗೆ ಈ ಅಕ್ಕಡಿ ಸಾಲಿನ ಜ್ಞಾನ ಬರಲು ಹದಿನೆಂಟು ವರ್ಷ ಬೇಕಾಯ್ತು. 2025ರಲ್ಲಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದದ್ದು ಹೇಗೆ? ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75, ಕೃಣಾಲ್‌ಗೆ 5.75, ಜೊತೆಗೆ ಉಳಿಸಿಕೊಂಡ ದಯಾಳ್. ಬೌಲಿಂಗಿಗೆ ದುಡ್ಡು ಸುರಿದರು, ಆದರೆ ಒಬ್ಬನ ತಲೆ ಮೇಲೆ ಸುರಿಯಲಿಲ್ಲ. ಜೂನ್ 3ರ ಫೈನಲ್‌ನಲ್ಲಿ ಪಂಜಾಬನ್ನು 6 ರನ್ನಿಂದ ಸೋಲಿಸಿದಾಗ ಪಂದ್ಯಶ್ರೇಷ್ಠನಾದದ್ದು ಡೆತ್ ಬೌಲರ್ ಅಲ್ಲ, 17 ರನ್ನಿಗೆ ಎರಡು ವಿಕೆಟ್ ತೆಗೆದ ಸ್ಪಿನ್ನರ್ ಕೃಣಾಲ್. ಯಾರ ಪಟ್ಟಿಯಲ್ಲಿತ್ತು ಅದು?

ಕೋಟ್ಯಧೀಶರ ನಷ್ಟ ಅವರಿಗಿರಲಿ. 18 ಕೋಟಿ ಹೋದರೂ ಅವರ ಮನೆಯ ಒಲೆ ಆರುವುದಿಲ್ಲ. ಈ ಖಾತ್ರಿ ವ್ಯಾಪಾರದಿಂದ ನಿಜವಾಗಿ ಸುಟ್ಟುಕೊಳ್ಳುವವರು ಇಬ್ಬರು. ಅವರಿಗಾಗಿಯೇ ನಾನು ಇಷ್ಟು ಬರೆದದ್ದು.

ಮೊದಲನೆಯವ ನಮ್ಮ ತಾರಿಹಾಳದ ಶೆಡ್ಡುಗಳಲ್ಲಿ ದುಡಿಯುವ ಹುಡುಗ. ಗುತ್ತಿಗೆ ಕೆಲಸ, ಓಟಿ ಮಾಡಿದರೆ ನಾಲ್ಕು ಕಾಸು ಹೆಚ್ಚು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಡ್ರೀಮ್ ಇಲೆವೆನ್‌ನಂಥವರು ದುಡ್ಡಿನ ಆಟ ನಿಲ್ಲಿಸಿದರು. ಇದಕ್ಕೂ ಮೊದಲು ನಮ್ಮ ರಾಜ್ಯವೇ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಪ್ರಯತ್ನಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಕಾನೂನು ಬಂದರೂ ಆಸೆ ಹೋಗುವುದಿಲ್ಲ. ಆ್ಯಪ್ ಮುಚ್ಚಿದರೆ ಬುಕ್ಕಿ ಇದ್ದಾನೆ, ಬುಕ್ಕಿಯ ಹಿಂದೆ "ಪಕ್ಕಾ ರಿಪೋರ್ಟ್" ಅಂತ ಮೆಸೇಜ್ ಕಳಿಸುವವನಿದ್ದಾನೆ. ಓಸಿ ಆಡುವವರು ಹಳೆಯ ನಂಬರಿನ ಚಾರ್ಟ್ ಹರಡಿಕೊಂಡು ಇವತ್ತಿನ ನಂಬರ್ ಹುಡುಕುತ್ತಿದ್ದದ್ದನ್ನು ನಮ್ಮ ಊರು ನೋಡಿದೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಗಡಿಗೆಯೊಳಗಿನ ಚೀಟಿ, ಇಲ್ಲಿ ಬೌಲರನ ಕೈ. "ಇದು ನಸೀಬಲ್ಲೋ, ಸ್ಕಿಲ್" ಅನ್ನುವ ಮಾತೊಂದೇ ಹೆಚ್ಚಿನದು. ಸ್ಕಿಲ್ ಬೌಲರನದು ಸ್ವಾಮಿ. ಅದರ ಮೇಲೆ ರೊಕ್ಕ ಕಟ್ಟುವವನದು ಬರೇ ನಸೀಬು. ಟಿಪ್ಸ್ ಕೊಡುವವ ಹತ್ತು ಮಂದಿಗೆ ಹತ್ತು ಬೇರೆ ಹೆಸರು ಕೊಟ್ಟಿರುತ್ತಾನೆ. ಗೆದ್ದ ಒಬ್ಬ ಅವನನ್ನು ದೇವರು ಅನ್ನುತ್ತಾನೆ, ಸೋತ ಒಂಬತ್ತು ಮಂದಿ ಮರ್ಯಾದೆಗೆ ಅಂಜಿ ಸುಮ್ಮನಿರುತ್ತಾರೆ.

ಎರಡನೆಯವ ನಮ್ಮ ಭಾಗದ ಬೌಲರ್ ಹುಡುಗ. ಹುಬ್ಬಳ್ಳಿ, ಗದಗ, ಹಾವೇರಿಯ ಹುಡುಗನಿಗೆ ದೊಡ್ಡ ಮೈದಾನದ ಬಾಗಿಲು ತೆರೆಯುವುದೇ ಅಪರೂಪ. ಗದಗಿನ ಸುನೀಲ್ ಜೋಶಿ ಬಾಲ್ಯದಲ್ಲಿ ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ ಶಾಲೆಯ ಹೊತ್ತಿಗೆ ವಾಪಸ್ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಆ ದಿನ ಬರುವವರೆಗೆ ಅವರಿಗೆ ಎಸೆಯಲು ಸಾವಿರಾರು ಎಸೆತ ಸಿಕ್ಕಿದ್ದವು. ಇವತ್ತಿನ ಹುಡುಗನಿಗೆ ಸಿಗುವುದು ಎಷ್ಟು? ಮಹಾರಾಜ ಟ್ರೋಫಿಯಲ್ಲಿ ಒಂದೆರಡು ಪಂದ್ಯ, ಪಂದ್ಯಕ್ಕೆ ಎರಡು ಓವರ್. ಅದರಲ್ಲೊಂದು ಓವರಿಗೆ 22 ರನ್ ಹೋದರೆ ಅದರ ತುಣುಕು ಮೊಬೈಲುಗಳಲ್ಲಿ ಓಡಾಡುತ್ತದೆ, "ಪ್ರೆಶರ್ ತಡಕೊಳ್ಳೂದಿಲ್ಲ ಅಂವ" ಅನ್ನುವ ಹಣೆಪಟ್ಟಿ ಜೀವನಪೂರ್ತಿ ಅಂಟುತ್ತದೆ. ತದ್ವಿರುದ್ಧವೂ ಅಷ್ಟೇ ಕ್ರೂರ. 2015ರಲ್ಲಿ ಕೊಡಗಿನ ಕೆ.ಸಿ. ಕಾರಿಯಪ್ಪನನ್ನು 10 ಲಕ್ಷದ ಮೂಲಬೆಲೆಯಿಂದ 2.4 ಕೋಟಿಗೆ ಏರಿಸಿದರು. ಆಡಿಸಿದ್ದು ಒಂದೇ ಪಂದ್ಯ. ಏರಿಸಿದವರೂ ಇಳಿಸಿದವರೂ ಆ ಹುಡುಗನಲ್ಲಿ ನೋಡಿದ್ದು ಬೆರಳೆಣಿಕೆಯ ಎಸೆತಗಳನ್ನು.

ಆದ್ದರಿಂದ ನನ್ನ ಬೇಡಿಕೆ ಸರಳ. ಆಯ್ಕೆ ಮಾಡುವವರೇ, ವಿಕೆಟ್ ಎಣಿಸಬೇಡಿ. ಯಾರ್ಕರ್ ಬಿದ್ದ ಜಾಗ ನೋಡಿ, ನಿಧಾನದ ಎಸೆತ ಎಷ್ಟು ಬಗೆ ಇದೆ ನೋಡಿ, ವೇಗ ಇಳಿದಿದೆಯೋ ಏರಿದೆಯೋ ನೋಡಿ, ಬೆನ್ನು-ಭುಜ ಗಟ್ಟಿ ಇದೆಯೋ ನೋಡಿ. ಕ್ಯಾಚು ಬೌಂಡರಿ ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಅನ್ನುವುದು ಬೌಲರನ ಕೈಯಲ್ಲಿಲ್ಲ, ಮೇಲಿನವೆಲ್ಲ ಅವನ ಕೈಯಲ್ಲಿವೆ. ನೋಡಿದ ಮೇಲೆ ಅವನಿಗೆ ಮೂರು ಸೀಸನ್ ಕೊಡಿ, ಮೂರು ಓವರ್ ಅಲ್ಲ. ಟಿವಿಯವರೇ, ನಂಬರ್ ಹೇಳುವುದಾದರೆ ಹೇಳಿ, ಜೊತೆಗೆ ಹೋದ ವರ್ಷ ನೀವೇ ಹೇಳಿದ ನಂಬರನ್ನೂ ತೋರಿಸಿ. ಆ ಒಂದು ನಿಯಮ ಬಂದರೆ ಮುಕ್ಕಾಲು ಪಾಲು ಪಂಡಿತರು ಮನೆಗೆ ಹೋಗುತ್ತಾರೆ.

ಮತ್ತು ತಮ್ಮಾ, ಶಿಫ್ಟ್ ಮುಗಿಸಿ ಮ್ಯಾಚ್ ನೋಡುವವನೇ, ನಿನಗೆ ಹೇಳುವುದು ಇಷ್ಟು. ಮ್ಯಾಚ್ ನೋಡು, ಒದರು, ಆರ್‌ಸಿಬಿ ಸೋತರೆ ಬೈಯಿ, ಗೆದ್ದರೆ ಕುಣಿ. ಕೊನೆಯ ಓವರಿನಲ್ಲಿ ಏನಾಗುತ್ತದೋ ಗೊತ್ತಿಲ್ಲ ಅಂತಲೇ ಅದನ್ನು ನೋಡುತ್ತೇವೆ, ಗೊತ್ತಿದ್ದರೆ ಯಾರು ಕೂಡುತ್ತಿದ್ದರು? ಆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಮಾರಲು ಬಂದವನಿಗೆ ಒಂದೇ ಪ್ರಶ್ನೆ ಕೇಳು: "ಅಷ್ಟು ಖಾತ್ರಿ ಇದ್ರ ನೀ ಯಾಕ ನಂಗ ಹೇಳಾಕತ್ತೀಪಾ, ನೀನs ಯಾಕ ಕಟ್ಟವಲ್ಲಿ?"